ಮಣಿಕಟ್ಟಿಗೊಂದು ಮುರಕಲ್ಲಿನ ಗೋಡೆ

ನಮ್ಮದು ಸಣ್ಣ ಕೂಟ. ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಉಪ್ಪಳ ಅಂತ ಅಲ್ಲಲ್ಲಿ ಹರಡಿಕೊಂಡಿರುವ, ಮಣಿ ಪೋಣಿಸುವ ಹುಚ್ಚಿನವರು. ಯಾರಿಗೂ ಇದು ಹೊಟ್ಟೆಪಾಡಲ್ಲ. ನನ್ನ ಹಾಗೆ ಟೀಚರುಗಳೇ ಜಾಸ್ತಿ, ಜೊತೆಗೆ ಒಬ್ಬರು ಬ್ಯಾಂಕಿನವರು, ಒಬ್ಬ ಕಾಲೇಜು ಹುಡುಗ. ಓಣಂ ರಜೆಯಲ್ಲಿ ನಮ್ಮೊಳಗೇ ಒಂದು ಸ್ಪರ್ಧೆ ಇಟ್ಟುಕೊಳ್ಳುತ್ತೇವೆ. ಕೊಟ್ಟ ವಿಷಯಕ್ಕೆ ಹೊಂದುವ ಒಂದು ಒಡವೆ ಮಾಡಬೇಕು. ವಿನ್ಯಾಸ ಸ್ವಂತದ್ದಾಗಿರಬೇಕು, ಅರ್ಧಕ್ಕಿಂತ ಜಾಸ್ತಿ ಕೆಲಸ ಮಣಿಯದ್ದೇ ಆಗಿರಬೇಕು, ಹಾಕಿಕೊಂಡು ಮದುವೆಗೋ ಪೇಟೆಗೋ ಹೋಗುವ ಹಾಗಿರಬೇಕು. ಈ ಸಲದ ವಿಷಯ ‘ಕೋಟೆ’.

ಕಾಸರಗೋಡಿನವರು ಕೋಟೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೇಕಲ, ಚಂದ್ರಗಿರಿ, ಹೊಸದುರ್ಗ ಅಂತ ಇಕ್ಕೇರಿ ನಾಯಕರು ಕರಾವಳಿಯಲ್ಲಿ ಸಾಲಾಗಿ ಕಟ್ಟಿಸಿ ಹೋಗಿದ್ದಾರೆ. ತೊಂದರೆಯೂ ಅದೇ. ಎಲ್ಲರ ತಲೆಯಲ್ಲೂ ಒಂದೇ ಚಿತ್ರ ಕೂತಿರುತ್ತೆ: ಬೇಕಲದ ಬುರುಜು, ಹಿಂದೆ ಕಡಲು, ಪಕ್ಕದಲ್ಲೊಂದು ತೆಂಗಿನಮರ. ಅದನ್ನೇ ಮಣಿಯಲ್ಲಿ ಬಿಡಿಸಿ ಪದಕ ಮಾಡಿದರೆ ಅದು ಕ್ಯಾಲೆಂಡರ್ ಚಿತ್ರ, ಒಡವೆಯಲ್ಲ. ನಾನು ಹಾಗೆಯೇ ಅಂದುಕೊಳ್ಳುವುದು. ಹಾಗಾಗಿ ಇಡೀ ಕೋಟೆ ಬೇಡ, ಅದರ ಗೋಡೆಯ ಒಂದು ತುಂಡು ಸಾಕು ಅಂತ ತೀರ್ಮಾನಿಸಿದೆ. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ ಗೋಡೆ, ಅದರಲ್ಲಿ ಕೋವಿ ಹೊರಗಿಡುವ ಕಿಂಡಿಗಳು, ಕಿಂಡಿಯಾಚೆ ಕಾಣುವ ನೀಲಿ. ಇಷ್ಟನ್ನೇ ಅಗಲದ ಕೈಪಟ್ಟಿ ಮಾಡುವುದು.

ಹೊಲಿಗೆ ಯಾವುದು ಅಂತ ಯೋಚಿಸಬೇಕಾಗಲಿಲ್ಲ. ಸೂಜಿ ದಾರದಲ್ಲಿ ಮಣಿಗೆ ಮಣಿ ಕಟ್ಟುವ ಬಗೆಗಳಲ್ಲಿ ಬ್ರಿಕ್ (ಇಟ್ಟಿಗೆ) ಹೊಲಿಗೆ ಅಂತ ಒಂದಿದೆ. ಅದರಲ್ಲಿ ಪ್ರತಿ ಸಾಲೂ ಕೆಳಗಿನ ಸಾಲಿಗಿಂತ ಅರ್ಧ ಮಣಿ ಸರಿದು ಕೂರುತ್ತೆ. ನಮ್ಮ ಗಾರೆಯವರು ಕಲ್ಲು ಕಟ್ಟುವುದೂ ಹಾಗೆಯೇ ಅಲ್ವಾ? ಪೆಯೋಟೆ ಅನ್ನುವ ಇನ್ನೊಂದು ಹೊಲಿಗೆಯಲ್ಲಿ ಮಾಡಿ ಅಡ್ಡ ತಿರುಗಿಸಿದರೂ ನೋಟ ಇದೇ ಬರುತ್ತೆ. ಆದರೆ ನನಗೆ ನಡುವೆ ಕಿಂಡಿ ಬೇಕಿತ್ತು. ಅದಕ್ಕೆ ಬ್ರಿಕ್ ಹೆಚ್ಚು ಸಲೀಸು.

ಮಣಿ 11/0 ಅಳತೆಯ ಮಿಯುಕಿ ಡೆಲಿಕಾ. ಇದು ಜಪಾನಿನದು, ಕೊಳವೆ ಆಕಾರದ್ದು, ಒಂದಕ್ಕೊಂದು ಅಳತೆ ತಪ್ಪುವುದಿಲ್ಲ. ಅಗಲ 1.6 ಮಿಲಿಮೀಟರ್, ಎತ್ತರ 1.3. 16 ಸೆಂಟಿಮೀಟರ್ ಉದ್ದದ ಪಟ್ಟಿಗೆ ಸಾಲಿಗೆ 100 ಮಣಿ. ಮೂರೂವರೆ ಸೆಂಟಿಮೀಟರ್ ಅಗಲಕ್ಕೆ 27 ಸಾಲು. ಅಂದರೆ ಹತ್ತಿರ ಹತ್ತಿರ 2,700 ಮಣಿ. ಒಂದು ಗ್ರಾಂಗೆ ಸುಮಾರು 200 ಮಣಿ ಬರುತ್ತವೆ, ಹಾಗಾಗಿ ಎಲ್ಲ ಬಣ್ಣ ಸೇರಿ 15 ಗ್ರಾಂ ಸಾಕು. ಈ ಲೆಕ್ಕವನ್ನು ಕಾಗದದ ಮೇಲೆ ಮೊದಲೇ ಮಾಡಿಬಿಡಿ. ನಡುವೆ ಬಣ್ಣ ಮುಗಿದರೆ ನಮ್ಮ ಕಡೆ ಅಂಗಡಿಯಲ್ಲಿ ಸಿಗುವುದಿಲ್ಲ, ತರಿಸಿಕೊಂಡರೂ ಬೇರೆ ಲಾಟಿನದು ಬಂದರೆ ಬಣ್ಣದಲ್ಲಿ ಚೂರು ವ್ಯತ್ಯಾಸ ಕಾಣುತ್ತೆ.

ಜಾಸ್ತಿ ಹೊತ್ತು ಹಿಡಿದದ್ದು ಬಣ್ಣ. ಮುರಕಲ್ಲು ಕೆಂಪು ಅಂತ ಎಲ್ಲರೂ ಹೇಳುತ್ತಾರೆ. ಹತ್ತಿರ ನಿಂತು ನೋಡಿ, ಬರೀ ಕೆಂಪು ಎಲ್ಲಿದೆ? ಆಗಷ್ಟೇ ಕಡಿದ ಕಲ್ಲಿನಲ್ಲಿ ಹಳದಿ ಕಲೆ, ಬಿಳಿ ಜೇಡಿ, ಸಣ್ಣ ಸಣ್ಣ ತೂತು. ಗಾಳಿಗೆ ಒಡ್ಡಿಕೊಂಡಷ್ಟು ಕಲ್ಲು ಗಟ್ಟಿಯಾಗುತ್ತೆ, ಬಣ್ಣ ಕಂದಾಗುತ್ತೆ, ಹಳೆಯ ಗೋಡೆಯಲ್ಲಿ ಕಪ್ಪಿಗೇ ತಿರುಗಿರುತ್ತೆ. ಮಳೆಗಾಲದಲ್ಲಿ ಬುಡಕ್ಕೆ ಪಾಚಿ. ಇದಕ್ಕೆ ಐದು ಬಣ್ಣ ಆರಿಸಿದೆ: ಇಟ್ಟಿಗೆ ಕೆಂಪು, ಕಡು ಕಂದು, ಸಾಸಿವೆ ಹಳದಿ, ಕಪ್ಪು, ಪಾಚಿ ಹಸಿರು. ಎಲ್ಲವೂ ಮ್ಯಾಟ್, ಹೊಳಪಿಲ್ಲದ್ದು. ಹೊಳೆಯುವ ಮಣಿ ಒಂದು ಬಂದರೂ ಕಲ್ಲು ಕಲ್ಲಾಗಿ ಉಳಿಯುವುದಿಲ್ಲ.

ಐದನ್ನೂ ಒಂದೇ ಬಟ್ಟಲಿಗೆ ಸುರಿದು ಕೈಗೆ ಬಂದದ್ದನ್ನು ಪೋಣಿಸಿದರೆ ಉಪ್ಪಿಟ್ಟಿನ ಮೇಲೆ ಒಗ್ಗರಣೆ ಚೆಲ್ಲಿದ ಹಾಗೆ ಎಲ್ಲ ಕಡೆ ಒಂದೇ ಸಮ ಕಾಣುತ್ತೆ. ಗೋಡೆ ಹಾಗಿರುವುದಿಲ್ಲ. ಅದಕ್ಕೆ ಮೂರು ಬಟ್ಟಲು ಮಾಡಿದೆ. ಬುಡದ ಸಾಲುಗಳಿಗೆ ಕಂದು, ಕಪ್ಪು, ಹಸಿರು ಜಾಸ್ತಿ. ನಡುವಿಗೆ ಕೆಂಪು ಜಾಸ್ತಿ. ಮೇಲಿನದಕ್ಕೆ ಕೆಂಪು, ಹಳದಿ. ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹೋಗುವಾಗ ಎರಡು ಮೂರು ಸಾಲು ಬೆರಕೆ. ಅಲ್ಲಲ್ಲಿ ಬೇಕೆಂದೇ ನಾಲ್ಕೈದು ಹಳದಿ ಒಟ್ಟಿಗೆ ಕೂರಿಸಿದೆ.

ದಾರ ತಂದದ್ದು ಬಂದರಿನ ಹತ್ತಿರ ಬಲೆ, ಗಾಳ ಮಾರುವ ಅಂಗಡಿಯಿಂದ. ತೆಳು ಹೆಣಿಗೆಯ ಗಾಳದ ದಾರ ಮಣಿ ಕೆಲಸಕ್ಕೆ ತುಂಬ ಒಳ್ಳೆಯದು. ಗಾಜಿನ ಅಂಚಿಗೆ ಸುಲಭವಾಗಿ ತುಂಡಾಗುವುದಿಲ್ಲ, ಹಿಗ್ಗುವುದೂ ಕಡಿಮೆ. ಸುಮ್ನೆ ಪಾರದರ್ಶಕ ನೈಲಾನ್ ತಗೋಬೇಡಿ, ಅದು ಕಾಲ ಕಳೆದ ಹಾಗೆ ಬಿರುಸಾಗಿ ಮುರಿಯುತ್ತೆ. ಸೂಜಿ 12ನೇ ನಂಬರಿನದು. ನಂಬರ್ ಹೆಚ್ಚಾದಷ್ಟೂ ಸೂಜಿ ತೆಳು.

ಮೊದಲ ಸಾಲು ಏಣಿ ಹೊಲಿಗೆ. 100 ಮಣಿಯನ್ನು ಒಂದರ ಪಕ್ಕ ಒಂದು ನಿಲ್ಲಿಸುತ್ತಾ ಹೋಗಬೇಕು. ಬೇಜಾರಿನ ಕೆಲಸ. ಆಮೇಲೆ ಸಲೀಸು: ಒಂದು ಹೊಸ ಮಣಿ ಪೋಣಿಸಿಕೊಂಡು, ಕೆಳಗಿನ ಎರಡು ಮಣಿಗಳ ನಡುವೆ ಕಾಣುವ ದಾರದಡಿ ಸೂಜಿ ಹಾಕಿ, ಅದೇ ಹೊಸ ಮಣಿಯೊಳಗೆ ವಾಪಸ್ ಮೇಲೆ ಎಳೆಯುವುದು.

ಇನ್ನು ಕಿಂಡಿ. ಬೇಕಲದ ಹೊರಗೋಡೆಯ ಕಿಂಡಿಗಳು ಒಂದೇ ಓರೆಯಲ್ಲಿಲ್ಲ. ಮೇಲಿನದು ದೂರದ ಶತ್ರುವಿಗೆ, ಕೆಳಗಿನದು ಹತ್ತಿರ ಬಂದವನಿಗೆ. ನಾನೂ ಮೂರು ಕಿಂಡಿ ಬಿಟ್ಟೆ, ಮೂರಕ್ಕೂ ಬೇರೆ ಬೇರೆ ಓರೆ. ಕಿಂಡಿ ಬರುವಲ್ಲಿ ಸಾಲನ್ನು ಎರಡು ಭಾಗ ಮಾಡಿ, ಎಡಬಲವನ್ನು ಬೇರೆ ಬೇರೆಯಾಗಿ ಮೇಲಕ್ಕೆ ತಂದೆ. ಒಂದು ಬದಿಯಲ್ಲಿ ಸಾಲಿನ ಕೊನೆಗೆ ಮಣಿ ಸೇರಿಸುತ್ತಾ, ಇನ್ನೊಂದು ಬದಿಯಲ್ಲಿ ಬಿಡುತ್ತಾ ಹೋದರೆ ತೂತು ತಾನಾಗಿಯೇ ವಾಲುತ್ತೆ. ಬೇಕಾದಷ್ಟು ಎತ್ತರ ಬಂದ ಮೇಲೆ ಏಣಿ ಹೊಲಿಗೆಯಲ್ಲೇ ಎರಡು ಮೂರು ಮಣಿ ಕಟ್ಟಿ ಆಚೆ ಬದಿಗೆ ಸೇರಿಸಿದೆ. ಇಲ್ಲಿ ದಾರ ಬಿಗಿ ಎಳೆದರೆ ಕಿಂಡಿ ಮುಚ್ಚಿಕೊಳ್ಳುತ್ತೆ. ಒಳಗೆ ಬೆಂಕಿಕಡ್ಡಿ ಇಟ್ಟುಕೊಂಡು ಹೊಲಿದರೆ ಅಳತೆ ನಿಲ್ಲುತ್ತೆ.

ನೀಲಿಗೆ ಮಣಿ ಬಳಸಲಿಲ್ಲ. ಅಮ್ಮನ ಹಳೆಯ ಕಾಸರಗೋಡು ಸೀರೆಯ ಒಂದು ತುಂಡಿತ್ತು, ತೊಳೆದು ತೊಳೆದು ಮೆದುವಾದ ನೀಲಿ ಹತ್ತಿ. ಅದನ್ನೇ ಒಳಗೆ ಅಸ್ತರಿ ಕೊಟ್ಟೆ. ಕಿಂಡಿಯಲ್ಲಿ ಕಡಲೂ ಕಂಡಿತು, ಕೈಗೆ ಗಾಜು ಒತ್ತುವುದೂ ತಪ್ಪಿತು. ಲೋಹದ ಕೊಂಡಿ ಹಾಕಲಿಲ್ಲ, ಕಡಲ ಗಾಳಿಗೆ ಹಿತ್ತಾಳೆ ಬೇಗ ಕಪ್ಪಾಗುತ್ತೆ. ಅಸ್ತರಿಗೇ ಪ್ಲಾಸ್ಟಿಕ್ಕಿನ ಟಿಚ್ ಬಟನ್ ಹೊಲಿದೆ.

ಸ್ಪರ್ಧೆಯ ದಿನ ಮೇಜಿನ ಮೇಲೆ ಬುರುಜುಗಳ ಸಾಲೇ ಇತ್ತು, ತೆಂಗಿನಮರವೂ ಬಂದಿತ್ತು. ಬೆಲೆ ಕಟ್ಟಲು ಬಂದಿದ್ದವರು ಒಬ್ಬರು ನಿವೃತ್ತ ಡ್ರಾಯಿಂಗ್ ಮಾಸ್ತರರು, ಇನ್ನೊಬ್ಬರು ಚಿನ್ನದ ಕೆಲಸದವರು. ಚಿನ್ನದ ಕೆಲಸದವರು ಪ್ರತಿಯೊಂದನ್ನೂ ಮೊದಲು ಮಗುಚಿ ನೋಡಿದರು. “ಹಿಂಬದಿ ನೋಡದೆ ಒಡವೆಗೆ ಮಾರ್ಕು ಕೊಡ್ಲಿಕ್ಕಾಗುವುದಿಲ್ಲ ಟೀಚರೇ” ಅಂದರು. ನನ್ನ ಅಸ್ತರಿ ಅವರಿಗೆ ಹಿಡಿಸಿತು. ಮಾಸ್ತರರದ್ದು ಬೇರೆ ತಕರಾರು: “ಹೇಳದಿದ್ರೆ ಇದು ಕೋಟೆ ಅಂತ ಯಾರಿಗೆ ಗೊತ್ತಾಗ್ತದೆ? ನಮ್ಮ ಮನೆಯ ಪಾಗಾರವೂ ಆಗಬಹುದು.” ಕಿಂಡಿ ತೋರಿಸಿದೆ. ಮುಗುಳ್ನಕ್ಕರು, ಒಪ್ಪಲಿಲ್ಲ.

ಮೊದಲ ಬಹುಮಾನ ಕಾಲೇಜು ಹುಡುಗನಿಗೆ. ಮೇಲಿಂದ ನೋಡಿದರೆ ಬೇಕಲ ಕೋಟೆ ಬೀಗದ ಕಿಂಡಿಯ ಆಕಾರದಲ್ಲಿದೆ ಅಂತಾರಲ್ಲ, ಅದನ್ನು ಹಿಡಿದುಕೊಂಡು ಅವನು ಒಂದು ಬೀಗದ ಕೈಯನ್ನೇ ಪದಕ ಮಾಡಿದ್ದ. ನೋಡಿದ ಕೂಡಲೇ ಗೊತ್ತಾಗುತ್ತೆ, ಕೊರಳಿಗೂ ಚೆನ್ನಾಗಿ ಕೂರುತ್ತೆ. ನಾನಾಗಿದ್ದರೂ ಅವನಿಗೇ ಕೊಡುತ್ತಿದ್ದೆ. ನನಗೆ ಎರಡನೆಯದು.

ಮುಂದಿನ ವರ್ಷದ ವಿಷಯ ಅಲ್ಲೇ ಚೀಟಿ ಎತ್ತಿ ಹೇಳಿದರು: ಯಕ್ಷಗಾನ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಿನವರು ನಾವು, ಎಲ್ಲರೂ ಕಿರೀಟಕ್ಕೇ ಕೈ ಹಾಕುತ್ತಾರೆ. ನನ್ನ ಕಣ್ಣು ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ ಚಿಟ್ಟಿಯ ಮೇಲಿದೆ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಇಡುವ ಆ ಬಿಳಿ ಮುಳ್ಳುಗಳಿಗೆ ಇನ್ನೂ ಸಣ್ಣ, 15/0 ಅಳತೆಯ ಬಿಳಿ ಮಣಿ ಸರಿಹೋಗಬಹುದು. ಮ್ಯಾಟ್ ಬಿಳಿಯೇ ಬೇಕು. ವೇಷ ಕಟ್ಟುವ ಚೌಕಿಗೆ ಹೋಗಿ ಒಮ್ಮೆ ಹತ್ತಿರದಿಂದ ನೋಡಿಕೊಂಡು ಬಂದು ಆಮೇಲೆ ತರಿಸುತ್ತೇನೆ.