ಇಂಟೇಕ್ ಕೊಳ್ಳುವ ಮುಂಚೆ ಒಂದು ಚಿಟಿಕೆ ಕುಂಕುಮ

ನನ್ನ ಹತ್ತಿರ ಇರೋದು 2015ರ ಸಯಾನ್ ಎಫ್‌ಆರ್-ಎಸ್. ಟೊಯೊಟಾ, ಸುಬಾರು ಎರಡೂ ಸೇರಿ ಮಾಡಿದ ಪುಟ್ಟ ಗಾಡಿ. ಬೇರೆ ಕೆಲವು ದೇಶಗಳಲ್ಲಿ ಇದೇ ಟೊಯೊಟಾ ಜಿಟಿ86, ಸುಬಾರು ಶೋರೂಮಿನಲ್ಲಿ ಬಿಆರ್‌ಝಡ್. ಎರಡು ಲೀಟರಿನ ಬಾಕ್ಸರ್ ಎಂಜಿನ್, ಟರ್ಬೊ ಇಲ್ಲ, 200 ಹಾರ್ಸ್‌ಪವರ್, ಅದೂ 7000 ಆರ್‌ಪಿಎಂ ಮುಟ್ಟಿದ ಮೇಲೆ. ಹಿಂದಿನ ಸೀಟು ಇದೆ ಅಂತ ಹೇಳಬಹುದು, ಕೂರೋಕಾಗಲ್ಲ. ದಾವಣಗೆರೆಯಿಂದ ನಮ್ಮತ್ತೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಗೆ ಬಂದಿದ್ದಾಗ ಒಂದು ಸಲ ಸುತ್ತು ಬಂದು ನೋಡಿ, "ಇಷ್ಟು ದುಡ್ಡು ಕೊಟ್ಟು ಅರ್ಧ ಕಾರು ತಗಂಡೀಯಲ್ಲಮ್ಮ" ಅಂದಿದ್ದರು.

ಈ ಗಾಡಿ ತಗೊಂಡವರು ಮೊದಲು ಕೈ ಹಾಕೋದೇ ಇಂಟೇಕಿಗೆ, ಅಂದರೆ ಎಂಜಿನ್ನಿಗೆ ಹೊರಗಿನ ಗಾಳಿ ಸೋಸಿ ತಂದುಕೊಡೋ ಫಿಲ್ಟರು, ಪೈಪಿನ ಜೋಡಿಗೆ. ಬಾನೆಟ್ ಎತ್ತಿದರೆ ಕಪ್ಪು ಪ್ಲಾಸ್ಟಿಕ್ ಡಬ್ಬಿ ಕಾಣುತ್ತೆ. ಅದನ್ನು ಕಿತ್ತು ಕೋನ್ ಫಿಲ್ಟರು, ಹೊಳೆಯೋ ಪೈಪು ಕೂರಿಸಿದರೆ ಗಾಡಿ ಹಾರುತ್ತೆ ಅನ್ನೋ ನಂಬಿಕೆ. ನಾನೂ 2018ರಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ತಂದ ತಿಂಗಳೊಳಗೆ ಒಂದು ಸೆಕೆಂಡ್ ಹ್ಯಾಂಡ್ ಇಂಟೇಕನ್ನೂ ತಂದೆ. ಅದೂ ಸೇರಿ ಈವರೆಗೆ ಮೂರು ಹಾಕಿ ನೋಡಿದ್ದೀನಿ. ಈಗ ಯಾರಾದರೂ ಯಾವುದು ಕೊಳ್ಳಲಿ ಅಂತ ಕೇಳಿದರೆ ನಾನು ಹೇಳೋದು, ಮೊದಲು ಮೀನಿನ ತೊಟ್ಟಿ ಮಾರುವ ಅಂಗಡಿಗೆ ಹೋಗಿ ಬನ್ನಿ ಅಂತ.

ಈಗಿರೋ ಇಂಟೇಕು ಗಾಳಿಗೆ ಎಷ್ಟು ಅಡ್ಡಿ ಮಾಡ್ತಿದೆ ಅಂತ ಮೊದಲು ಅಳೆಯಬೇಕಲ್ಲ, ಅದಕ್ಕೆ ಬೇಕಾದ ತೆಳ್ಳನೆ ಪಾರದರ್ಶಕ ನಳಿಗೆ, ತೊಟ್ಟಿಯ ಗಾಳಿ ಪಂಪಿಗೆ ಹಾಕೋದು, ಅಲ್ಲಿ ಸಿಗುತ್ತೆ. ಆರೇಳು ಮೀಟರ್ ತನ್ನಿ. ಒಂದು ಉದ್ದ ಹಲಗೆಗೆ ಯು ಅಕ್ಷರದ ಹಾಗೆ ಬಾಗಿಸಿ ಟೇಪ್ ಹಚ್ಚಿ. ಒಂದೊಂದು ತೋಳೂ ಎರಡಡಿಗೆ ಕಮ್ಮಿ ಇರಬಾರದು. ಪಕ್ಕದಲ್ಲಿ ಸ್ಕೇಲ್ ಅಂಟಿಸಿ, ಅರ್ಧದವರೆಗೆ ನೀರು ತುಂಬಿ. ಬರೀ ನೀರು ಓಡೋ ಗಾಡಿಯಲ್ಲಿ ಕಣ್ಣಿಗೆ ಹತ್ತಲ್ಲ, ಬಣ್ಣ ಬೇಕು. ಕೈಗೆ ಸಿಕ್ಕಿದ್ದು ದೇವರ ಗೂಡಿನ ಕುಂಕುಮ, ಒಂದು ಚಿಟಿಕೆ ಹಾಕಿದೆ. ಅದು ತಳಕ್ಕಿಳಿಯುತ್ತೆ, ಆಗಾಗ ಅಲ್ಲಾಡಿಸಬೇಕು. ಕೇಸರಿಬಾತಿಗೆ ಹಾಕೋ ಬಣ್ಣ ಇದ್ದರೆ ಇನ್ನೂ ವಾಸಿ.

ಒಂದು ತುದಿ ಕಾರಿನೊಳಗೆ ಹಾಗೇ ತೆರೆದಿರಲಿ. ಇನ್ನೊಂದು ತುದಿ ಏರ್ ಫಿಲ್ಟರಿನ ಆಚೆ, ಥ್ರಾಟಲಿನ (ಪೆಡಲ್ ಒತ್ತಿದಷ್ಟು ಗಾಳಿ ಬಿಡೋ ಕವಾಟ) ಈಚೆ, ಪೈಪಿನೊಳಗೆ ಹೋಗಬೇಕು. ನಮ್ಮ ಗಾಡಿಯಲ್ಲಿ ಇದಕ್ಕೆ ತಯಾರಾದ ಬಾಗಿಲೇ ಇದೆ. ಎಂಜಿನ್ ಸದ್ದನ್ನು ಒಳಗೆ ತರೋಕೆ ಅಂತ ಕಂಪನಿಯವರೇ ಇಂಟೇಕಿನಿಂದ ಒಂದು ಕೊಳವೆ ಎಳೆದಿದ್ದಾರೆ. ಅದನ್ನು ಕಳಚಿ, ಆ ಬಾಯಿಗೆ ತೂತಿರೋ ರಬ್ಬರ್ ಬಿರಡೆ ಬಿಗಿಯಾಗಿ ಹಾಕಿ, ನಳಿಗೆ ಅದರೊಳಗೆ ತೂರಿಸಿದೆ. ಒಂದು ಎಚ್ಚರಿಕೆ: ಅಪ್ಪಿತಪ್ಪಿಯೂ ಥ್ರಾಟಲಿನ ಆಚೆ ಚುಚ್ಚಬೇಡಿ. ಅಲ್ಲಿನ ಎಳೆತಕ್ಕೆ ಕುಂಕುಮದ ನೀರೆಲ್ಲ ಒಂದೇ ಗುಟುಕಿಗೆ ಎಂಜಿನ್ನಿನೊಳಗೆ ಹೋಗುತ್ತೆ.

ಆಮೇಲೆ ಪಕ್ಕದ ಸೀಟಿನಲ್ಲಿ ಒಬ್ಬರು ಹಲಗೆ ನೆಟ್ಟಗೆ ಹಿಡಿದು ಕೂರಬೇಕು. ನಮ್ಮನೇಲಿ ಆ ಕೆಲಸ ಗಂಡಂದು. ಫ್ರೀವೇ ಹತ್ತೋ ರ‍್ಯಾಂಪಿನಲ್ಲಿ ಎರಡನೇ ಗೇರು, ಪೂರ್ತಿ ಪೆಡಲ್, 7000ದವರೆಗೆ. ಅಷ್ಟರಲ್ಲಿ ವೇಗ ಗಂಟೆಗೆ 60 ಮೈಲಿ ಆಸುಪಾಸು, ಪೊಲೀಸರೂ ಬೇಜಾರು ಮಾಡಿಕೊಳ್ಳಲ್ಲ. ಎರಡು ತೋಳಿನ ನೀರಿನ ಮಟ್ಟಕ್ಕೆ ಎಷ್ಟು ವ್ಯತ್ಯಾಸ ಬಂತು ಅನ್ನೋದಷ್ಟೇ ಬೇಕಾದ ಲೆಕ್ಕ. ಮೂರು ಸಲ ಮಾಡಿ. ಮೊದಲನೇ ಸಲ ನಮ್ಮವರು ನೀರು ನೋಡದೆ ಮುಂದಿನ ಲಾರಿ ನೋಡುತ್ತಿದ್ದರು.

ಕಂಪನಿ ಡಬ್ಬಿ, ಹಳೇ ಕೊಳಕು ಫಿಲ್ಟರು: 16 ಸೆಂಟಿಮೀಟರ್. ಹೊಸ ಪೇಪರ್ ಫಿಲ್ಟರು: 14. ಫಿಲ್ಟರೇ ಇಲ್ಲದೆ, ಚೊಕ್ಕ ರಸ್ತೆಯಲ್ಲಿ ಒಂದೇ ಒಂದು ಓಟ: 11.

ಈಗ ಗಣಿತ. 10 ಸೆಂಟಿಮೀಟರ್ ನೀರು ಅಂದರೆ ಹೆಚ್ಚುಕಮ್ಮಿ 1 ಕಿಲೋಪಾಸ್ಕಲ್ ಒತ್ತಡ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 101. ಅಲ್ಲಿಗೆ 14 ಸೆಂಟಿಮೀಟರ್ ಅಂದರೆ ಇಂಟೇಕಿನಲ್ಲಿ ಕಳೆದುಹೋಗೋದು 1.4 ಪರ್ಸೆಂಟ್. ಇಡೀ ಇಂಟೇಕನ್ನೇ ಮಾಯ ಮಾಡಿದರೂ 200ರಲ್ಲಿ ಸಿಗೋದು ಮೂರು ಹಾರ್ಸ್‌ಪವರ್ ಒಳಗೆ. ಬರೀ ಫಿಲ್ಟರ್ ಬದಲಾಯಿಸಿದರೆ ಸಿಗಬಹುದಾದ್ದು ಒಂದಕ್ಕಿಂತ ಕಮ್ಮಿ. ನಾನು ಆ ಮೊದಲ ಪೈಪಿಗೆ ಕೊಟ್ಟಿದ್ದು 180 ಡಾಲರು.

ಈ ಗಾಡಿಯವರು ಗೊಣಗೋ ಇನ್ನೊಂದು ವಿಷಯ, 3000ದಿಂದ 4500 ಆರ್‌ಪಿಎಂ ನಡುವೆ ಟಾರ್ಕ್, ಅಂದರೆ ಎಂಜಿನ್ನಿನ ತಿರುಚುಬಲ, ಕುಸಿಯೋದು. ಅದು ಇಂಟೇಕಿಂದ ಸರಿಹೋಗಲ್ಲ. ಅದಕ್ಕೆ ಎಕ್ಸಾಸ್ಟ್ ಹೆಡರ್ (ಎಂಜಿನ್ನಿನಿಂದ ಹೊಗೆ ಹೊರಹೋಗೋ ಮೊದಲ ಪೈಪುಗಳು), ಟ್ಯೂನಿಂಗ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ತಿದ್ದೋದು) ಬೇಕು. ಅದು ಬೇರೆ ಕಥೆ, ಬೇರೆ ಖರ್ಚು.

ಹಾಗಾದರೆ ಇಂಟೇಕ್ ಯಾಕೆ ಕೊಳ್ಳಬೇಕು? ಸದ್ದಿಗೆ. ಇದನ್ನು ಒಪ್ಪಿಕೊಳ್ಳೋಕೆ ನಾಚಿಕೆ ಬೇಡ. ಪೆಡಲ್ ಒತ್ತಿದಾಗ ಮುಂದಿನಿಂದ ಬರೋ ಆ ಗುಟುರಿಗೆ ದುಡ್ಡು ಕೊಡಬಹುದು, ನಾನೂ ಕೊಟ್ಟಿದ್ದೀನಿ. ಆದರೆ ಸದ್ದು ಕೊಳ್ಳೋಕೆ ಹೋಗಿ ಬೇರೇನನ್ನೋ ಕಳಕೊಂಡು ಬರಬಾರದು. ನಾನು ಕಳಕೊಂಡಿದ್ದನ್ನು ಹೇಳ್ತೀನಿ.

ಮೊದಲನೆಯದು ತಣ್ಣನೆ ಗಾಳಿ. ಕಂಪನಿ ಡಬ್ಬಿ ಮುಂದಿನ ಗ್ರಿಲ್ಲಿನ ಹಿಂದಿನಿಂದ ಹೊರಗಿನ ಗಾಳಿಯನ್ನೇ ಎಳೆಯುತ್ತೆ. ಡಬ್ಬಿ ಕಿತ್ತು ಬೋಳು ಕೋನ್ ಹಾಕಿದರೆ ಅದು ಎಂಜಿನ್ ಪಕ್ಕದಲ್ಲಿ ಕೂತು ರೇಡಿಯೇಟರ್ ಬಿಟ್ಟ ಬಿಸಿ ಉಸಿರನ್ನು ಕುಡಿಯುತ್ತೆ. ಸ್ಟೀರಿಂಗ್ ಕೆಳಗಿನ, ಗಾಡಿಯ ಕಂಪ್ಯೂಟರಿನ ಮಾಹಿತಿ ಕೊಡೋ ಒಬಿಡಿ ಪೋರ್ಟಿಗೆ ಒಂದು ಬ್ಲೂಟೂತ್ ಅಡಾಪ್ಟರ್ ಚುಚ್ಚಿ, ಫೋನಿನಲ್ಲಿ ಇಂಟೇಕ್ ಗಾಳಿಯ ಉಷ್ಣತೆ ನೋಡಿ. ಹೊರಗೆ 33 ಡಿಗ್ರಿ ಇದ್ದ ಒಂದು ಮಧ್ಯಾಹ್ನ ಕಂಪನಿ ಡಬ್ಬಿಯಲ್ಲಿ ಫ್ರೀವೇ ಮೇಲೆ 38 ತೋರಿಸಿತ್ತು. ಕೋನ್ ಹಾಕಿದ ಮೇಲೆ, ಅಂಥದ್ದೇ ಇನ್ನೊಂದು ಮಧ್ಯಾಹ್ನ, ಸಿಗ್ನಲ್ಲಿನಲ್ಲಿ ಮೂರು ನಿಮಿಷ ನಿಂತೆ, 61. ಹೊರಟ ಮೇಲೆ ಇಳಿಯೋಕೆ ಎರಡು ನಿಮಿಷ ಹಿಡಿಯಿತು. ಗಾಳಿ ಸುಮಾರು 3 ಡಿಗ್ರಿ ಬಿಸಿಯಾದರೆ 1 ಪರ್ಸೆಂಟ್ ತೆಳುವಾಗುತ್ತೆ. 23 ಡಿಗ್ರಿಗೆ ನೀವೇ ಲೆಕ್ಕ ಹಾಕಿ. ಮೂರು ಕುದುರೆ ಹಿಡಿಯೋಕೆ ಹೋಗಿ ಹದಿನೈದು ಬಿಟ್ಟು ಬಂದ ಹಾಗೆ. ಹಾಗಾಗಿ ಇಂಟೇಕ್ ನೋಡುವಾಗ ಪೈಪಿನ ಹೊಳಪು ನೋಡಬೇಡಿ. ಫಿಲ್ಟರಿಗೆ ಮುಚ್ಚಿದ ಡಬ್ಬಿ ಇದೆಯಾ, ಆ ಡಬ್ಬಿಯ ಬಾಯಿ ಕಂಪನಿಯ ಗಾಳಿದಾರಿಗೇ ಸೇರುತ್ತಾ, ಬಾನೆಟ್ ಮುಚ್ಚಿದಾಗ ಮೇಲಿನ ರಬ್ಬರ್ ಅಂಚು ಬಾನೆಟ್ಟಿಗೆ ಒತ್ತಿ ಕೂರುತ್ತಾ, ಇದಿಷ್ಟು ನೋಡಿ. ಬರೀ ಒಂದು ತಗಡು ಅಡ್ಡ ಇಟ್ಟು ಹೀಟ್ ಶೀಲ್ಡ್ ಅಂದರೆ ನಂಬಬೇಡಿ.

ಎರಡನೆಯದು ಮ್ಯಾಫ್ ಸೆನ್ಸರಿನ ಲೆಕ್ಕ. ಎಂಜಿನ್ನಿಗೆ ಎಷ್ಟು ಗಾಳಿ ಹೋಗ್ತಿದೆ ಅಂತ ಹೇಳೋದು ಪೈಪಿನೊಳಗಿನ ಈ ಕೂದಲೆಳೆಯಂಥ ಬಿಸಿ ತಂತಿ. ಇಡೀ ಗಾಳಿಯನ್ನು ಅದು ಅಳೆಯಲ್ಲ, ತನ್ನ ಮೇಲೆ ಹಾದದ್ದನ್ನಷ್ಟೇ ಅಳೆದು ಉಳಿದದ್ದನ್ನು ಅಂದಾಜಿಸುತ್ತೆ. ಆ ಅಂದಾಜು ಕಂಪನಿ ಪೈಪಿನ ಅಗಲಕ್ಕೆ ಹೊಂದಿಸಿದ್ದು. ಉದಾಹರಣೆಗೆ 70 ಮಿಲಿಮೀಟರ್ ಒಳವ್ಯಾಸದ ಜಾಗದಲ್ಲಿ 75ರ ಪೈಪು ಹಾಕಿದರೆ ವಿಸ್ತೀರ್ಣ 15 ಪರ್ಸೆಂಟ್ ಹೆಚ್ಚಾಯಿತು. ಅದೇ ಗಾಳಿ ನಿಧಾನವಾಗಿ ಹಾಯುತ್ತೆ, ಸೆನ್ಸರ್ ಕಮ್ಮಿ ಅಂತ ಹೇಳುತ್ತೆ, ಪೆಟ್ರೋಲೂ ಕಮ್ಮಿ ಬೀಳುತ್ತೆ. ಕಂಪ್ಯೂಟರ್ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ತಿದ್ದುತ್ತೆ ನಿಜ, ಆದರೆ ಅದಕ್ಕೂ ಒಂದು ಮಿತಿ ಇದೆ. ನನ್ನ ಮೊದಲ ಪೈಪು ಹೀಗೇ ದಪ್ಪನೆಯದು. ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್, ಅಂದರೆ ಕಂಪ್ಯೂಟರ್ ಎಷ್ಟು ಪರ್ಸೆಂಟ್ ಪೆಟ್ರೋಲ್ ಹೆಚ್ಚಿಗೆ ಹಾಕಿ ತಿದ್ದುತ್ತಿದೆ ಅನ್ನೋ ಸಂಖ್ಯೆ, ಮುಂಚೆ +2 ಇದ್ದದ್ದು ವಾರದಲ್ಲಿ +14ಕ್ಕೆ ಏರಿತು, ಆಮೇಲೆ ಚೆಕ್ ಎಂಜಿನ್ ದೀಪ, ಕೋಡ್ ಪಿ0171: ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಅಂತ. ಮಾರಿದವನಿಗೆ ಮೆಸೇಜ್ ಮಾಡಿದರೆ ಉತ್ತರವಿಲ್ಲ.

ಕೊಳ್ಳೋ ಮುಂಚೆ ಮಾರುವವರನ್ನು ಒಂದೇ ಪ್ರಶ್ನೆ ಕೇಳಿ: ಟ್ಯೂನ್ ಮಾಡಿಸದೆ ಹಾಕಬಹುದಾ? ಹೌದು ಅಂದರೂ ಡಬ್ಬಿ ಕೈಗೆ ಬಂದ ದಿನ ವರ್ನಿಯರ್ ಕ್ಯಾಲಿಪರ್ಸ್ ತಗೊಂಡು ಸೆನ್ಸರ್ ಕೂರೋ ಜಾಗದ ಒಳವ್ಯಾಸ ಅಳೆಯಿರಿ, ಹಳೆಯದಕ್ಕೆ ಹೋಲಿಸಿ. ಹಾಕೋ ಮುಂಚಿನ ಟ್ರಿಮ್ ಬರೆದಿಡಿ, ಹಾಕಿ ಇನ್ನೂರು ಮೈಲಿ ಓಡಿಸಿ ಮತ್ತೆ ನೋಡಿ. 5ರೊಳಗೆ ಇದ್ದರೆ ನಿಶ್ಚಿಂತೆ, 10 ದಾಟಿದರೆ ಬಿಚ್ಚಿ. ಎಷ್ಟೋ ಸಲ ತಪ್ಪು ಪೈಪಿನದಲ್ಲ, ಕ್ಲಾಂಪ್ ಸಡಿಲವಾಗಿ ಸೆನ್ಸರಿನ ಆಚೆಯಿಂದ ಕಳ್ಳಗಾಳಿ ನುಗ್ಗುತ್ತಿರುತ್ತೆ.

ಫಿಲ್ಟರ್ ಬಟ್ಟೆಯ ಬಗ್ಗೆ ಜನ ಬಡಿದಾಡೋದು ನೋಡಿದರೆ ನಗು ಬರುತ್ತೆ. ನಾನು ಹತ್ತಿ ಗಿರಣಿಗಳ ಊರಿನವಳು, ಆದರೂ ಹತ್ತಿಯ ಪಕ್ಷ ವಹಿಸಲ್ಲ. ಕೆ ಅಂಡ್ ಎನ್ ಕಂಪನಿಯ ಥರದ ಎಣ್ಣೆ ಹಚ್ಚಿದ ಹತ್ತಿ ಫಿಲ್ಟರನ್ನು ತೊಳೆದು ಮತ್ತೆ ಬಳಸಬಹುದು. ಆದರೆ ಎಣ್ಣೆ ಕೈತಪ್ಪಿ ಜಾಸ್ತಿಯಾದರೆ ಆ ತಂತಿಗೆ ಮೆತ್ತಿಕೊಳ್ಳುತ್ತೆ. ಆಗ ಮ್ಯಾಫ್ ಕ್ಲೀನರ್ ಸ್ಪ್ರೇ ಮಾತ್ರ ಹೊಡೆಯಬೇಕು, ಬ್ರೇಕ್ ಕ್ಲೀನರ್ ಅಲ್ಲ, ಬೆರಳಂತೂ ಅಲ್ಲವೇ ಅಲ್ಲ. ಎಣ್ಣೆ ಬೇಡದ ಒಣ ಸಿಂಥೆಟಿಕ್ ಫಿಲ್ಟರೂ ಬರುತ್ತೆ, ನಾನು ಅದಕ್ಕೇ ಒಲಿದೆ. ಸೋಮಾರಿಗಳಿಗೆ ಕಂಪನಿ ಪೇಪರೇ ಸಾಕು.

ಮೂರನೆಯದು ಕ್ಯಾಲಿಫೋರ್ನಿಯಾದವರಿಗೆ ಮುಖ್ಯ. ಇಲ್ಲಿ ಬೇರೆ ಕಂಪನಿಯ ಇಂಟೇಕಿಗೆ, ವಾಯುಮಾಲಿನ್ಯ ನೋಡಿಕೊಳ್ಳೋ ಏರ್ ರಿಸೋರ್ಸಸ್ ಬೋರ್ಡಿನ ಒಪ್ಪಿಗೆಯ ಎಕ್ಸಿಕ್ಯೂಟಿವ್ ಆರ್ಡರ್ ನಂಬರ್ ಇರಬೇಕು, ಇಒ ನಂಬರ್ ಅಂತಾರೆ, ಡಿ ಅಕ್ಷರದಿಂದ ಶುರುವಾಗುತ್ತೆ. ಪೆಟ್ರೋಲ್ ಗಾಡಿಗೆ ಮೊದಲ ಎಂಟು ಮಾಡೆಲ್ ವರ್ಷ ಸ್ಮಾಗ್ ಚೆಕ್, ಅಂದರೆ ಹೊಗೆ ತಪಾಸಣೆ, ಕೇಳಲ್ಲ, ಹಾಗಾಗಿ ನಾನು ಇದನ್ನು ಮರೆತೇ ಬಿಟ್ಟಿದ್ದೆ. ಮೊದಲ ಚೆಕ್ಕಿಗೆ ಹೋದ ದಿನ ಅಲ್ಲಿನ ಹುಡುಗ ಯಂತ್ರಕ್ಕೆ ತಂತಿ ಚುಚ್ಚೋದಕ್ಕೂ ಮುಂಚೆ ಬಾನೆಟ್ ಎತ್ತಿ ಟಾರ್ಚ್ ಬಿಟ್ಟ. ಪೈಪಿನ ಈ ಬದಿ, ಆ ಬದಿ, ಬಾನೆಟ್ಟಿನ ಒಳಮೈ, ಎಲ್ಲ ನೋಡಿ "ಸ್ಟಿಕರ್ ಎಲ್ಲಿ?" ಅಂದ. ಅದು ಎರಡನೇ ಇಂಟೇಕು, ಟ್ರಿಮ್ +3, ಹೊಗೆಯೂ ಚೊಕ್ಕ. ಇಒ ನಂಬರಿನ ಸ್ಟಿಕರ್ ಇಲ್ಲ, ಫೇಲ್. ಮನೆಗೆ ಬಂದು ಮುಕ್ಕಾಲು ಗಂಟೆಯಲ್ಲಿ ಕಂಪನಿ ಡಬ್ಬಿ ಹಾಕಿಕೊಂಡು ವಾಪಸ್ ಹೋದೆ.

ಹಾಗಾಗಿ ಬೋರ್ಡಿನ ವೆಬ್‌ಸೈಟಿನಲ್ಲಿ ನಿಮ್ಮ ಮಾಡೆಲ್, ವರ್ಷ, ಎಂಜಿನ್ ಮೂರೂ ಹೊಂದುತ್ತಾ ನೋಡಿ. ಪಕ್ಕದ ವರ್ಷಕ್ಕಿದ್ದರೆ ನಿಮ್ಮದಕ್ಕಿದೆ ಅಂತಲ್ಲ. ಡಬ್ಬಿ ಮೇಲೆ ರೇಸ್ ಬಳಕೆಗೆ ಮಾತ್ರ ಅಂತಿದ್ದರೆ ಅಲ್ಲೇ ಬಿಟ್ಟು ಬನ್ನಿ. ಸ್ಟಿಕರನ್ನು ಬಾನೆಟ್ ಎತ್ತಿದ ತಕ್ಷಣ ಕಾಣೋ ಕಡೆ ಅಂಟಿಸಿ. ಕಂಪನಿ ಡಬ್ಬಿಯೊಳಗೇ ಕೂರೋ ಬದಲಿ ಫಿಲ್ಟರಿಗೆ ಈ ನಂಬರ್ ಬೇಕಾಗಿಲ್ಲ. ದಪ್ಪ ಪೈಪು ಹಾಕಿ ಟ್ಯೂನ್ ಮಾಡಿಸಿದರಾಯಿತು ಅನ್ನೋರಿಗೂ ಒಂದು ಮಾತು: 2021ರ ಜುಲೈಯಿಂದ ಸ್ಮಾಗ್ ಚೆಕ್ಕಿನಲ್ಲಿ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರನ್ನೂ ನೋಡ್ತಾರೆ. ಇಒ ಇಲ್ಲದ ಟ್ಯೂನ್ ಕಂಡರೆ ಫೇಲ್.

ಬೆಂಗಳೂರಲ್ಲಿರೋ ನನ್ನ ತಮ್ಮ ಇದನ್ನೆಲ್ಲ ಕೇಳಿ, "ಅಕ್ಕಾ, ನನ್ನ ಪೋಲೋಗೂ ಒಂದು ಹಾಕಿಸ್ಲಾ? ಫಿಲ್ಟರು ಬಂಪರ್ ಹಿಂದೆ ಕೆಳಗಡೆ ಬರುತ್ತೆ, ತಣ್ಣಗಿರುತ್ತೆ" ಅಂದ. ಬೇಡ ಕಣೋ ಅಂದೆ. ಅಷ್ಟು ಕೆಳಗಿನ ಫಿಲ್ಟರು ಮಳೆಗಾಲದ ಅಂಡರ್‌ಪಾಸಿನಲ್ಲಿ ಒಂದು ಸಲ ಮುಳುಗಿದರೆ ನೀರು ನೇರ ಸಿಲಿಂಡರಿಗೆ. ನೀರನ್ನು ಪಿಸ್ಟನ್ ಅದುಮೋಕಾಗಲ್ಲ, ಕನೆಕ್ಟಿಂಗ್ ರಾಡೇ ಬಾಗುತ್ತೆ. ಮೇಲಿಂದ ಅಲ್ಲಿ ಗಾಡಿಯ ಮಾರ್ಪಾಡಿಗೆ ಕಡಿವಾಣ ಹಾಕೋ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬೇರೆ. ಅವನ ಊರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಗಾಳಿಯೇ ನಮ್ಮಲ್ಲಿಗಿಂತ ಹತ್ತು ಪರ್ಸೆಂಟ್ ತೆಳು. ಯಾವ ಪೈಪೂ ಅದನ್ನು ತುಂಬಿಕೊಡಲ್ಲ. ಧೂಳಿಗೆ ಪೇಪರ್ ಫಿಲ್ಟರ್ ಬೇಗ ಬೇಗ ಬದಲಾಯಿಸು ಅಂದೆ. ಮುಖ ಊದಿಸಿಕೊಂಡ.

ನಾನು ಕೊನೆಗೆ ಉಳಿಸಿಕೊಂಡದ್ದು ಮೂರನೆಯದು: ಮುಚ್ಚಿದ ಡಬ್ಬಿ, ಒಣ ಫಿಲ್ಟರು, ಕಂಪನಿ ಅಳತೆಯದೇ ಸೆನ್ಸರ್ ಜಾಗ, ಇಒ ಸ್ಟಿಕರು. ಬೆಲೆ 350 ಡಾಲರ್ ಹತ್ತಿರ. ಕುಂಕುಮದ ನೀರು 9 ಸೆಂಟಿಮೀಟರ್ ತೋರಿಸಿತು, ಅಂದರೆ ಗಳಿಸಿದ್ದು ಒಂದು ಕುದುರೆ. ಸದ್ದು ಮಾತ್ರ 4000 ದಾಟಿದ ಮೇಲೆ ಕಿಟಕಿ ಇಳಿಸಿಕೊಂಡು ಕೇಳೋ ಹಾಗಿದೆ.

ಹಾಕುವಾಗ ಸೆನ್ಸರಿನ ಎರಡು ಸ್ಕ್ರೂ ಕೈಯಲ್ಲೇ ಶುರು ಮಾಡಿ. ಸ್ಕ್ರೂ ಕೂರೋ ಪ್ಲಾಸ್ಟಿಕ್ಕಿನ ಥ್ರೆಡ್ ಬೇಗ ಹಾಳಾಗುತ್ತೆ. ಸೆನ್ಸರಿನ ರಬ್ಬರ್ ಓ-ರಿಂಗ್ ಸುರುಳಿ ಬಿದ್ದಿಲ್ಲ ಅಂತ ನೋಡಿ. ನೂರು ಮೈಲಿ ಆದ ಮೇಲೆ ಕ್ಲಾಂಪುಗಳನ್ನೆಲ್ಲ ಇನ್ನೊಂದು ಸಲ ಬಿಗಿ ಮಾಡಿ. ಕಂಪನಿ ಡಬ್ಬಿಯನ್ನು, ಅದರ ಸ್ಕ್ರೂ, ಕ್ಲಿಪ್ಪು, ಸದ್ದಿನ ಕೊಳವೆ ಸಮೇತ, ಒಂದು ರಟ್ಟಿನ ಪೆಟ್ಟಿಗೆಗೆ ಹಾಕಿಡಿ. ನಮ್ಮ ಗರಾಜಿನಲ್ಲಿ ಅದು ಅಕ್ಕಿ ಡ್ರಮ್ಮಿನ ಪಕ್ಕ ಇದೆ. ಶನಿವಾರ ಶನಿವಾರ ಗರಾಜ್ ಚೊಕ್ಕ ಮಾಡೋ ಹುಮ್ಮಸ್ಸು ನಮ್ಮವರಿಗೆ ಬರೋದರಿಂದ, ಅದರ ನಾಲ್ಕೂ ಬದಿಗೆ ದಪ್ಪ ಮಾರ್ಕರಿನಲ್ಲಿ "ಇದು ಕಸ ಅಲ್ಲ" ಅಂತ ಬರೆದಿದ್ದೀನಿ.