ಬಿಳಿ ಹೂವಿನ ತಾಯಿ, ಗುಲಾಬಿ ಹೂವಿನ ತಂದೆ: ಕಡಲೆ ತಳಿ ಕೂಡಿಸುವ ಬಗೆ

ಹೈಬ್ರಿಡ್ ಕಡಲೆ ಬೀಜ ಮಾರಲು ಯಾರಾದರೂ ಬಂದರೆ ಚಹಾ ಕೊಟ್ಟು ಕಳಿಸಿ. ಹತ್ತಿ, ಮೆಕ್ಕೆಜೋಳಕ್ಕೆ ಇರುವಂಥ ಹೈಬ್ರಿಡ್ ಬೀಜದ ವ್ಯಾಪಾರ ಕಡಲೆಯಲ್ಲಿಲ್ಲ. ಅದರ ಹೂವು ಅರಳುವ ಮೊದಲೇ, ಮೊಗ್ಗಿನೊಳಗೇ ತನ್ನ ಪರಾಗವನ್ನು ತಾನೇ ಮುಟ್ಟಿಸಿಕೊಂಡಿರುತ್ತದೆ. ನಮಗೆ ಉಳಿದ ದಾರಿ ಒಂದೇ: ಎರಡು ತಳಿಗಳನ್ನು ಕೈಯಿಂದ ಕೂಡಿಸಿ, ಐದಾರು ಹಿಂಗಾರು ಸಹನೆಯಿಂದ ಆರಿಸುತ್ತ ಹೋಗುವುದು.

ಆಳಂದ ತಾಲ್ಲೂಕಿನ ನಮ್ಮ ಎರೆ ಹೊಲಕ್ಕೆ ನನಗೆ ಬೇಕಾದದ್ದು ಕಾಬೂಲಿ ಕಡಲೆಯ ದಪ್ಪ ಕಾಳು ಮತ್ತು ಜೆಜಿ-11 ಎಂಬ ದೇಶಿ ಕಡಲೆ ತಳಿಯಂತೆ, ಗಿಡ ಬಾಡಿ ಒಣಗಿಸುವ ಸೊರಗು ರೋಗ ತಡೆಯುವ ಗುಣ. ಆದ್ದರಿಂದ ಬಿಳಿ ಹೂವಿನ ಕಾಬೂಲಿಯನ್ನು ತಾಯಿ ಮಾಡಿದೆ, ಗುಲಾಬಿ ಹೂವಿನ ಜೆಜಿ-11 ತಂದೆಯಾಯಿತು. ಇದನ್ನು ತಿರುಗಿಸಬೇಡಿ, ಕಾರಣ ಮುಂದೆ ಗೊತ್ತಾಗುತ್ತದೆ.

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕುಳಿತುಕೊಳ್ಳಿ. ಗಿಡದ ಹುಳಿ ಬೆರಳಿನ ಗಾಯಕ್ಕೆ ತಾಗಿದರೆ ಉರಿ ತಡೆಯಲಾಗದು. ಮೊಗ್ಗು ಆರಿಸುವುದರಲ್ಲೇ ಅರ್ಧ ಕೆಲಸವಿದೆ: ಎಸಳು ಹಸಿರು ಹೊದಿಕೆಯಿಂದ ಆಗಷ್ಟೇ ಇಣುಕುತ್ತಿರಬೇಕು. ಪೂರ್ತಿ ಹೊರಬಂದಿದ್ದರೆ ತಡವಾಯಿತು. ಸೂಕ್ಷ್ಮ ಚಿಮುಟದಿಂದ ದೋಣಿಯಂಥ ಕೆಳಗಿನ ಎಸಳನ್ನು ಬಿಡಿಸಿ, ಒಳಗಿನ ಹತ್ತೂ ಪರಾಗಕೋಶಗಳನ್ನು ಕಿತ್ತುಹಾಕಿ. ಕಪ್ಪು ಕಾಗದದ ಮೇಲಿಟ್ಟು ಎಣಿಸಿ. ಒಂಬತ್ತಕ್ಕೆ ನಿಲ್ಲಿಸಿದರೆ ಉಳಿದ ಆ ಒಂದೇ ಸಾಕು, ಶ್ರಮವೆಲ್ಲ ಹಾಳು. ನಂತರ ಜೆಜಿ-11ರ ಅರ್ಧ ಅರಳಿದ ಗುಲಾಬಿ ಬಣ್ಣದ ಹೂವಿನ ಹಳದಿ ಪರಾಗವನ್ನು ತಾಯಿ ಮೊಗ್ಗಿನ ಶಲಾಗ್ರಕ್ಕೆ, ಅಂದರೆ ಹೆಣ್ಣು ಭಾಗದ ತುದಿಗೆ, ಸವರಿ, ತೊಟ್ಟಿನ ಬಳಿ ಕೆಂಪು ದಾರ ಕಟ್ಟಿ. ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ಎಂದು ಎರಡು ಬಾರಿ ಕೈಹಾಕಿದರೆ ಮೊಗ್ಗು ಉದುರುತ್ತದೆ. ನಾನು ಒಂದೇ ಕೂರಿಕೆಯಲ್ಲಿ ಮುಗಿಸುತ್ತೇನೆ. ಅರವತ್ತು ಮೊಗ್ಗುಗಳಲ್ಲಿ ನನಗೆ ನಿಂತದ್ದು ಒಂಬತ್ತು ಕಾಯಿ.

ಮರುವರ್ಷ ಆ ಬೀಜ ಬಿತ್ತಿದಾಗ ಹೂವು ತಂದೆಯಂತೆ ಗುಲಾಬಿಯಾದರೆ ಸಂಕರ ನಿಜ, ಬಿಳಿಯಾದರೆ ತಾಯಿ ತನ್ನ ಪಾಡಿಗೆ ತಾನೇ ಕಾಯಿ ಕಟ್ಟಿದ್ದಾಳೆ. ಮೊದಲ ಪ್ರಯತ್ನದಲ್ಲಿ ನನಗೆ ಬಂದದ್ದೆಲ್ಲ ಬಿಳಿ.

ಎರಡನೆಯ ತಲೆಮಾರಿನಲ್ಲಿ ಗಿಡಗಳು ಒಂದರಂತೆ ಒಂದಿರುವುದಿಲ್ಲ. ಅವನ್ನು ಒಳ್ಳೆಯ ಮಣ್ಣಿನಲ್ಲಲ್ಲ, ವರ್ಷವೂ ಸೊರಗು ಬೀಳುವ ಮೂಲೆಯಲ್ಲಿ ಬಿತ್ತಿ. ಸೊರಗಿಗೆ ಬೇಗ ಸಾಯುವ ಜೆಜಿ-62 ತಳಿಯ ಒಂದು ಸಾಲು ಪಕ್ಕದಲ್ಲಿರಲಿ. ಅದು ಸತ್ತು ನಿಮ್ಮದು ನಿಂತರೆ ಮಾತ್ರ ಲೆಕ್ಕ. ಒಣಗಿದ ಗಿಡದ ಬುಡ ಸೀಳಿ, ಒಳಗೆ ಕಪ್ಪು ಗೆರೆಯಿದ್ದರೆ ಅದು ಸೊರಗು ರೋಗವೇ. ಉಳಿದವುಗಳಲ್ಲಿ ಕಾಯಿ ಹೆಚ್ಚಿರುವ, ಕಾಳು ದಪ್ಪಗಿರುವ ಗಿಡಗಳ ಬೀಜವನ್ನು ಗಿಡಕ್ಕೊಂದು ಪೊಟ್ಟಣದಂತೆ ಬೇರೆಬೇರೆ ಇಡಿ. ಪ್ರತಿ ತಲೆಮಾರಿಗೂ ಮಿಶ್ರತನ ಅರ್ಧದಷ್ಟು ಇಳಿಯುತ್ತ, ಆರನೆಯದಕ್ಕೆ ಸಾಲು ಹೆಚ್ಚುಕಡಿಮೆ ಸ್ಥಿರವಾಗುತ್ತದೆ.

ನಾನು ಈಗ ನಾಲ್ಕನೆಯದರಲ್ಲಿದ್ದೇನೆ. ಒಂದು ವರ್ಷ ಕಳೆದುಕೊಂಡೆ: ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಬಂದ ನೆಂಟರು ದಾರ ಕಟ್ಟಿದ ಗಿಡಗಳನ್ನೇ ಕಿತ್ತು ಸುಲಗಾಯಿ (ಹಸಿ ಕಡಲೆ) ತಿಂದುಬಿಟ್ಟರು. ಅಂದಿನಿಂದ ಆ ಮೂಲೆಯ ಸುತ್ತ ನಾಲ್ಕು ಸಾಲು ಕುಸುಬೆ ಹಾಕುತ್ತೇನೆ. ಮುಳ್ಳಿಗೆ ದನವೂ ಬರುವುದಿಲ್ಲ, ನೆಂಟರೂ ಬರುವುದಿಲ್ಲ.