ಹೆಡ್‌ಫೋನಿಗೆ ಆಂಪ್ ಜೋಡಿಸಿದ್ದು: ಇಪ್ಪತ್ತು ರೂಪಾಯಿ ರೆಸಿಸ್ಟರು, ಎಂಟು ಸಾವಿರದ ಹಳೇ ಸ್ಟೀರಿಯೋ

ಸೆನ್‌ಹೈಸರ್ ಎಚ್‌ಡಿ 650 ಹೆಡ್‌ಫೋನಿಗೆ ಬರೋ ವೈರಿನ ನಡುವೆ (ಸೀರೀಸಲ್ಲಿ) 120 ಓಮ್ ರೆಸಿಸ್ಟರ್, ಅಂದ್ರೆ ಕರೆಂಟಿಗೆ ತಡೆ ಒಡ್ಡೋ ಸಣ್ಣ ಬಿಡಿಭಾಗ, ಹಾಕಿ ಕೇಳ್ತೀನಿ ಅಂದಾಗ ನಮ್ಮ ಹೆಡ್‌ಫೋನ್ ಗುಂಪಲ್ಲಿ ನಕ್ಕವರೇ ಜಾಸ್ತಿ. ಡ್ಯಾಂಪಿಂಗ್ ಫ್ಯಾಕ್ಟರ್ (ಹೆಡ್‌ಫೋನ್ ಮೇಲೆ ಆಂಪ್ಲಿಫೈಯರಿಗಿರೋ ಹಿಡಿತ) ಬೇಕಂತಾನೇ ಹಾಳ್ಮಾಡ್ಕೊಳ್ಳೋರು ಉಂಟಾ ಅಂತ ಒಬ್ರು, ಸುಮ್ನೆ ಒಂದು ಒಳ್ಳೇ ಬ್ಯಾಲೆನ್ಸ್ಡ್ ಆಂಪ್ ತಗೊಳ್ಳಿ ಸಾರ್ ಎಲ್ಲಾ ಸರಿಹೋಗತ್ತೆ ಅಂತ ಇನ್ನೊಬ್ರು. ಆ ಇನ್ನೊಬ್ರೇ ಮೊನ್ನೆ ಮನೆಗೆ ಬಂದು ಗಂಟೆಗಟ್ಲೆ ಕೂತು ಕೇಳಿ, ನಂಗೂ ಆ ರೆಸಿಸ್ಟರ್ ಅಡಾಪ್ಟರ್ ಒಂದು ಮಾಡ್ಕೊಡಿ ಅಂದು ಹೋಗಿದಾರೆ. ಹಾಗಾಗಿ ಬರೀತಿದೀನಿ, ಇನ್ಮೇಲೆ ಯಾರೂ ಯಾಕೆ ಹೇಗೆ ಅಂತ ಪ್ರಶ್ನೆ ಕೇಳೋದು ಬೇಡ.

ಮೊದ್ಲು ದುಡ್ಡಿನ ಲೆಕ್ಕ. ಈ ದಾರಿ ಹಿಡಿಯೋಕ್ಕೆ ಮುಂಚೆ ಆಂಪ್ ತಗೊಳೋದು, ಎರಡು ತಿಂಗಳು ಕೇಳೋದು, ಮಾರೋದು ಇದೇ ಕೆಲಸ. ಒಂದೊಂದು ಕೈ ಬದಲಾದಾಗ್ಲೂ ಕಾಲು ಭಾಗ ಹೋಗೋದು, ಹೊರಗಿಂದ ತರಿಸಿದ್ದಾದ್ರೆ ಡ್ಯೂಟಿ, ಜಿಎಸ್‌ಟಿ, ಕೊರಿಯರ್‌ನೋರ ಚಾರ್ಜು ಸೇರಿ ಬೆಲೆ ಒಂದೂವರೆ ಪಟ್ಟು ಹತ್ರ ಆಗಿರತ್ತೆ, ಮಾರುವಾಗ ಆ ಅರ್ಧ ಪಟ್ಟು ಯಾರೂ ಕೊಡಲ್ಲ. ಒಟ್ಟು ಎಪ್ಪತ್ತು ಎಂಬತ್ತು ಸಾವಿರ ಹೀಗೇ ಕರಗಿದೆ. ಕೊನೆಗೆ ಸಿಕ್ಕಿದ್ದು ಇಷ್ಟೇ: ಕ್ಲೀನ್ ಆಗಿರೋ ಸಾಲಿಡ್ ಸ್ಟೇಟ್ (ಟ್ರಾನ್ಸಿಸ್ಟರ್) ಆಂಪ್ ಹತ್ತು ಸಾವಿರದ್ದಾದ್ರೂ ಅರವತ್ತು ಸಾವಿರದ್ದಾದ್ರೂ 650ರಲ್ಲಿ ವಾಲ್ಯೂಮ್ ಸಮ ಮಾಡಿ ಕೇಳಿದ್ರೆ ನನ್ನ ಕಿವಿಗೆ ಒಂದೇ. ಪವರ್ರು ಪವರ್ರು ಅಂತಾರಲ್ಲ, 650ಗೆ ಒಂದು ವೋಲ್ಟ್ ಕೊಟ್ರೆ 103 ಡಿಬಿ ಬರತ್ತೆ, ನಾವು ಮನೇಲಿ ಕೇಳೋದು 75ರ ಆಸುಪಾಸು, ಅಂದ್ರೆ ನಲವತ್ತು ಐವತ್ತು ಮಿಲಿವೋಲ್ಟು. ಅಷ್ಟಕ್ಕೆ ಎಷ್ಟು ವ್ಯಾಟ್ ಇದ್ರೇನು.

ನಿಜವಾಗ್ಲೂ ಬದಲಾಗೋದು ಆಂಪಿನ ಔಟ್‌ಪುಟ್ ಇಂಪೆಡೆನ್ಸ್ (ಆಂಪ್ ತನ್ನೊಳಗೇ ಒಡ್ಡೋ ತಡೆ) ಬದಲಾದಾಗ. 650ರ ಇಂಪೆಡೆನ್ಸ್ ಹೆಸರಿಗೆ 300 ಓಮ್, ಆದ್ರೆ 80-100 ಹರ್ಟ್ಸ್ ಹತ್ರ ಅದು 500ರ ತನಕ ಏರತ್ತೆ. ಮುಂದೆ 120 ಓಮ್ ಇದ್ರೆ ಆ ಜಾಗದಲ್ಲಿ ಮಾತ್ರ ಸುಮಾರು ಒಂದು ಡಿಬಿ ಎದ್ದು ನಿಲ್ಲತ್ತೆ. ಓಟಿಎಲ್, ಅಂದ್ರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ, ಈ ಇಂಪೆಡೆನ್ಸ್ ಜಾಸ್ತಿ ಇರೋ ಟ್ಯೂಬ್ (ವಾಲ್ವ್) ಆಂಪಿನ "ಬೆಚ್ಚಗಿನ" ಧ್ವನಿ ಅಂತ ಹೊಗಳೋದ್ರಲ್ಲಿ ಮುಕ್ಕಾಲು ಪಾಲು ಇದೇ ಅಂತ ನನ್ನ ಅಭಿಪ್ರಾಯ, ಬೈಯೋರು ಬೈಕೊಳ್ಳಿ. ಹಾಗಾಗಿ ಟ್ಯೂಬ್ ಆಂಪಿಗೆ ಮೂವತ್ತು ಸಾವಿರ ಸುರಿಯೋಕ್ಕೆ ಮುಂಚೆ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಒಂದು ಪರ್ಸೆಂಟಿನ ರೆಸಿಸ್ಟರ್ ತಂದು, ಒಂದು ಸಣ್ಣ ಎಕ್ಸ್‌ಟೆನ್ಷನ್ ಕೇಬಲ್ ಒಳಗೆ ಬೆಸುಗೆ ಹಾಕಿ, ಇರೋ ಆಂಪಿಗೇ ಚುಚ್ಚಿ ಕೇಳಿದೆ. ಎಡಕ್ಕೊಂದು ಬಲಕ್ಕೊಂದು, ಗ್ರೌಂಡಿಗೆ ಬೇಡ. ರೆಸಿಸ್ಟರಿಗೆ ಇಪ್ಪತ್ತು ರೂಪಾಯಿ, ಜಾಕು ವೈರು ಎಲ್ಲಾ ಸೇರಿ ಇನ್ನೂರು.

ವಾಲ್ಯೂಮ್ ಸಮ ಮಾಡೋದ್ರಲ್ಲೇ ಎಲ್ರೂ ಎಡವೋದು. ಜೋರಾಗಿ ಇರೋದೇ ಚೆನ್ನಾಗಿ ಕೇಳತ್ತೆ, ಕಿವಿ ನಂಬಬೇಡಿ, ಮಲ್ಟಿಮೀಟರ್ ಇಡಿ. ಹೆಡ್‌ಫೋನ್ ಕನೆಕ್ಟ್ ಆಗಿರುವಾಗ್ಲೇ ಅಳೀಬೇಕು, 400 ಹರ್ಟ್ಸ್ ಟೋನ್ ಹಾಕಿ, ಕಡಿಮೆ ದುಡ್ಡಿನ ಮೀಟರುಗಳು ಅದಕ್ಕಿಂತ ಮೇಲೆ ಹೋದ್ರೆ ಸುಳ್ಳು ಹೇಳ್ತವೆ. ರೆಸಿಸ್ಟರ್ ಇದ್ದಾಗ, ಇಲ್ಲದಾಗ, ಎರಡರ ನಡುವಿನ ವ್ಯತ್ಯಾಸ ಒಂದು ಪರ್ಸೆಂಟ್ ಒಳಗೆ ಬಂದ್ರೆ ಸಾಕು. ಆಮೇಲೆ ತಮ್ಮನಿಗೆ ಕೂರಿಸಿ ಬದಲಾಯಿಸು ಅಂದೆ, ಯಾವುದು ಅಂತ ನಂಗೆ ಹೇಳದ ಹಾಗೆ.

ಇಲ್ಲಿ ಬಂತು ನೋಡಿ ಮಜಾ. ಗಂಡಸರ ಕರ್ನಾಟಕ ಹಾಡುಗಾರಿಕೆಗೆ ಕಣ್ಮುಚ್ಕೊಂಡು ರೆಸಿಸ್ಟರ್ ಇರೋದನ್ನೇ ಆರಿಸ್ತಿದ್ದೆ. ಹೆಂಗಸರ ಹಾಡುಗಾರಿಕೆಗೆ ನಂಗೂ ಗೊತ್ತಾಗ್ಲಿಲ್ಲ, ಜಾಗ ಬದಲಾಯಿಸಿ ಕೂರಿಸಿದಾಗ ತಮ್ಮನಿಗೂ ಗೊತ್ತಾಗ್ಲಿಲ್ಲ, ನಾಣ್ಯ ಚಿಮ್ಮಿದ ಹಾಗೆ ಬಂತು ಉತ್ತರ. ಯಾಕೆ ಅಂತ ಒಂದು ವಾರ ತಲೆ ಕೆಡಿಸ್ಕೊಂಡು ಆಮೇಲೆ ಲೆಕ್ಕ ಹಾಕಿದೆ. ಒಂದು ಮನೆ ಶ್ರುತಿ ಅಂದ್ರೆ ಸಿ, ಅದರಲ್ಲಿ ಹಾಡೋ ಗಂಡಸರ ಷಡ್ಜ 131 ಹರ್ಟ್ಸ್, ಮಂದ್ರ (ಕೆಳಗಿನ ಸ್ಥಾಯಿ) ಪಂಚಮ 98. ಅಂದ್ರೆ ರೆಸಿಸ್ಟರ್ ಎತ್ತೋ ಜಾಗಕ್ಕೇ ಸರಿಯಾಗಿ ಹೋಗಿ ಕೂರತ್ತೆ. ಐದು ಮನೆ ಶ್ರುತಿಯಲ್ಲಿ (ಜಿ) ಹಾಡೋ ಹೆಂಗಸರಿಗೆ ಷಡ್ಜ 196, ಮಂದ್ರ ಪಂಚಮಕ್ಕೆ ಇಳಿದ್ರೂ 147, ಅಷ್ಟು ಹೊತ್ತಿಗೆ ಆ ಉಬ್ಬು ಸುಮಾರು ಇಳಿದಿರತ್ತೆ. ತೋಡಿ ಆಲಾಪನೆ ಮಂದ್ರಕ್ಕೆ ಇಳಿಯುವಾಗ ಗಂಟಲಿನ ಹಿಂದಿಂದ ಬರೋ ಆ ಗುಂಯ್‌ಗುಡೋದು ರೆಸಿಸ್ಟರ್ ಇದ್ದಾಗ ಎದೆಗೆ ತಾಗತ್ತೆ, ಇಲ್ಲದಾಗ ಕಿವಿ ಹತ್ರವೇ ನಿಂತುಬಿಡತ್ತೆ. ಇದನ್ನ "ಕರ್ನಾಟಕ ಸಂಗೀತಕ್ಕೆ ಟ್ಯೂಬೇ ಬೇಕು" ಅಂತ ಒಂದೇ ಮಾತಲ್ಲಿ ಹೇಳಿಬಿಡ್ತಾರೆ, ಹಾಗಲ್ಲ, ಶ್ರುತಿ ಯಾವುದು ಅಂತ ನೋಡಿ.

ಇಷ್ಟಾದ್ಮೇಲೆ ಓಟಿಎಲ್ ಆಂಪೂ ತಗೊಂಡೆ, ಸೆಕೆಂಡ್ ಹ್ಯಾಂಡ್, ಇಪ್ಪತ್ತೆಂಟು ಸಾವಿರಕ್ಕೋ ಏನೋ. ರೆಸಿಸ್ಟರೇ ಸಾಕಾಗಿತ್ತಲ್ಲ ಅಂತ ಕೇಳ್ಬೇಡಿ, ಮನೆಯವರೂ ಅದನ್ನೇ ಕೇಳಿದ್ರು. ಅದರಲ್ಲಿರೋ 6080 ಅನ್ನೋ ಪವರ್ ಟ್ಯೂಬಿನ ಹೀಟರ್ ಒಂದೇ ಎರಡೂವರೆ ಆಂಪಿಯರ್ ಎಳೆಯತ್ತೆ, ಹದಿನಾರು ವ್ಯಾಟು ಸುಮ್ನೆ ಶಾಖ, ಏಪ್ರಿಲ್ ಮೇಯಲ್ಲಿ ರೂಮಲ್ಲಿ ಕೂರಕ್ಕಾಗಲ್ಲ. ಬೇಸಿಗೇಲಿ ರೆಸಿಸ್ಟರ್, ಮಳೆಗಾಲದಲ್ಲಿ ಟ್ಯೂಬ್, ಇದು ನಮ್ಮನೆ ಪದ್ಧತಿ. ಆಂಪಿನ ಮುಂಭಾಗದ 12ಎಯು7 ಟ್ಯೂಬಿನ ಜಾಗಕ್ಕೆ ಹಾಕೋಕ್ಕೆ ನಮ್ಮ ಜಾಲಹಳ್ಳಿ ಬಿಇಎಲ್‌ನ (ಭಾರತ್ ಎಲೆಕ್ಟ್ರಾನಿಕ್ಸ್) ಹಳೇ ಇಸಿಸಿ82 (ಅದೇ ಟ್ಯೂಬಿನ ಯೂರೋಪಿನ ಹೆಸರು) ಹುಡುಕ್ಕೊಂಡು ಸಂಡೇ ಬಜಾರಲ್ಲಿ ಸುಮಾರು ಅಲೆದಿದೀನಿ. ಒಂದು ಕಾಲದಲ್ಲಿ ದೇಶದ ಎಷ್ಟೋ ರೇಡಿಯೋಗಳಿಗೆ ವಾಲ್ವ್ ಮಾಡಿದ ಊರು ನಮ್ದು, ಆದ್ರೂ ಸಿಕ್ಕಿದ್ರಲ್ಲಿ ಒಂದು ಸತ್ತಿತ್ತು, ಒಂದನ್ನ ಬೆರಳಲ್ಲಿ ತಟ್ಟಿದ್ರೆ ಹೆಡ್‌ಫೋನಲ್ಲಿ ಟಿಂಗ್ ಅಂತಿತ್ತು. ಮೂರನೇದು ಈಗ ಓಡ್ತಿದೆ. ಧ್ವನಿ ಬೇರೆಯಾ ಅಂದ್ರೆ ಅಳತೆಗೆ ಸಿಗೋ ಹಾಗೇನಿಲ್ಲ, ಆದ್ರೆ ಮೇಲೆ ಬಿಇಎಲ್ ಅಂತ ಅಚ್ಚಿದೆ, ನಂಗಷ್ಟು ಸಾಕು. ಎಲ್ಲಿ ಯಾವ ಅಂಗಡಿ ಅಂತ ಮಾತ್ರ ಹೇಳಲ್ಲ, ಇನ್ನೂ ಎರಡು ಅಲ್ಲೇ ಇವೆ.

ಈಗ ಪ್ಲೇನರ್, ಅಂದ್ರೆ ಕೋನಿನ ಬದಲು ಅಯಸ್ಕಾಂತದ ಎದುರು ತೆಳು ಹಾಳೆ ಅಲುಗಾಡೋ ಹೆಡ್‌ಫೋನು. ಇದೇ ಖುಷೀಲಿ ಓಟಿಎಲ್‌ಗೆ ಹೈಫೈಮನ್ ಸುಂದರಾ ಚುಚ್ಚಿದ್ರೆ ಹಾಡೋರಿಗೆ ನೆಗಡಿ ಆದ ಹಾಗೆ. 37 ಓಮ್ ಹೆಡ್‌ಫೋನು, ಆಂಪಿನ ಒಳಗೇ 120 ಓಮ್, ಮುಕ್ಕಾಲು ಪಾಲು ವೋಲ್ಟೇಜು ಅಲ್ಲೇ ಕರಗತ್ತೆ, ಕರೆಂಟ್ ಕೇಳಿದ್ರೆ ಟ್ಯೂಬಲ್ಲಿ ಇಲ್ಲ. ಪ್ಲೇನರ್‌ನಲ್ಲಿ ಇಂಪೆಡೆನ್ಸ್ ಎಲ್ಲಾ ಕಡೆ ಸಮ, ಹಾಗಾಗಿ ರೆಸಿಸ್ಟರ್ ಆಟ ಅಲ್ಲಿ ನಡಿಯಲ್ಲ, ವಾಲ್ಯೂಮ್ ಇಳಿಯತ್ತೆ ಅಷ್ಟೇ. ಅದಕ್ಕೆ ಬೇಕಾಗಿರೋದು ಬರೀ ದಮ್ಮು.

ದಮ್ಮು ಅಂದ್ರೆ ಎಷ್ಟು? ನನ್ನ ಇನ್ನೊಂದು ಪ್ಲೇನರ್, ಹೈಫೈಮನ್ ಎಚ್‌ಇ6, ಒಂದು ಮಿಲಿವ್ಯಾಟಿಗೆ 83.5 ಡಿಬಿ, 50 ಓಮ್. ಮೃದಂಗದ ತನಿ ಆವರ್ತನದಲ್ಲಿ ಒಂದು ಚಾಪು ಪೆಟ್ಟು ಬಿದ್ದಾಗ 110 ಡಿಬಿ ತನಕ ಹಾರ್ಬೇಕು ಅಂದ್ರೆ ಹತ್ತಹತ್ರ ಅರ್ಧ ವ್ಯಾಟ್ ಬೇಕು. ಅಷ್ಟು ಕ್ಲೀನಾಗಿ ಕೊಡೋ ಹೆಡ್‌ಫೋನ್ ಆಂಪ್ ಹೊಸದು ಅಂದ್ರೆ ಮೂವತ್ತು ನಲವತ್ತು ಸಾವಿರ ಹೇಳ್ತಿದ್ರು. ನಾನು ಮಾಡಿದ್ದು ತೊಂಬತ್ತರ ದಶಕದ ಒಂದು ಜಪಾನಿ ಸ್ಟೀರಿಯೋ ಆಂಪ್, ಎಂಟು ಸಾವಿರಕ್ಕೆ, ಅದರ ಸ್ಪೀಕರ್ ಟರ್ಮಿನಲ್ಲಿಗೇ ಹೆಡ್‌ಫೋನ್ ಸಿಗಿಸಿದ್ದು. ಸುಟ್ಟುಹೋಗತ್ತೆ, ಡ್ರೈವರ್ ಹರಿಯತ್ತೆ, ಹುಚ್ಚು ಹಿಡಿದಿದೆ ಅಂತ ಎಲ್ಲಾ ಹೇಳಿಸ್ಕೊಂಡೆ. ಎರಡು ವರ್ಷ ಮೇಲಾಯ್ತು, ಏನೂ ಆಗಿಲ್ಲ. ಫೋರ್ ಪಿನ್ ಎಕ್ಸ್‌ಎಲ್‌ಆರ್ ಕನೆಕ್ಟರ್ ಹಾಕಿ, ಎಡ ಬಲದ ಮೈನಸ್ ಎರಡನ್ನೂ ಯಾವ ಕಾರಣಕ್ಕೂ ಸೇರಿಸ್ಬೇಡಿ, ಬ್ರಿಡ್ಜ್ಡ್ ಆಂಪ್ (ಮೈನಸ್ಸಲ್ಲೂ ಸಿಗ್ನಲ್ ಬರೋದು) ಆಗಿದ್ರೆ ಆವತ್ತೇ ಅದರ ಕಥೆ ಮುಗೀತು. ಆನ್ ಮಾಡುವಾಗ ಧಡ್ ಅಂತ ಶಬ್ದ ಬರೋ ಆಂಪಿಗೆ ಹೆಡ್‌ಫೋನ್ ಆಮೇಲೆ ಸಿಗಿಸಿ. ವಾಲ್ಯೂಮ್ ಗುಂಡಿ ಎಂಟು ಗಂಟೆ ಜಾಗದಲ್ಲೇ ಸಿಕ್ಕಾಕ್ಕೊಂಡು ಎಡ ಬಲ ಹೆಚ್ಚುಕಮ್ಮಿ ಆಗತ್ತಲ್ಲ, ಅದಕ್ಕೆ ನಡುವೆ ಒಂದು ರೆಸಿಸ್ಟರ್ ಜಾಲ ಹಾಕಿದೀನಿ, ವ್ಯಾಲ್ಯೂ ಹೇಳಲ್ಲ, ಲೆಕ್ಕ ಹಾಕೋಕ್ಕೆ ಬರೋರಿಗೆ ಹತ್ತು ನಿಮಿಷದ ಕೆಲಸ.

ಫಲ ಏನು ಅಂದ್ರೆ ಗುಮ್ಕಿ. ತೊಪ್ಪಿ (ಮೃದಂಗದ ಎಡಗಡೆ ಮುಖ) ಮೇಲೆ ಅಂಗೈ ಜಾರಿಸಿದಾಗ ಧ್ವನಿ ಕೆಳಗಿಂದ ಮೇಲಕ್ಕೆ ಬಾಗತ್ತಲ್ಲ, 650ರಲ್ಲಿ ಅದು ದಪ್ಪಗೆ ಬರತ್ತೆ ಆದ್ರೆ ಅಂಚು ಮಸುಕು, ಎಚ್‌ಇ6ರಲ್ಲಿ ಬಾಗೋದು ಎಲ್ಲಿ ಶುರುವಾಯ್ತು ಎಲ್ಲಿ ಕೈ ಎತ್ತಿದ್ರು ಅಂತ ಎಣಿಸಬಹುದು. ಘಟ, ಖಂಜಿರ ಜೊತೆಗಿದ್ದಾಗ ಮೂರೂ ಬೇರೆ ಬೇರೆ ನಿಲ್ತವೆ. ನಮ್ಮ ಬೀದಿ ಮೃದಂಗದ ಮೇಷ್ಟ್ರಿಗೆ ಕೇಳಿಸಿದೆ, ಅವರು ಹೆಡ್‌ಫೋನ್ ಬಗ್ಗೆ ಒಂದು ಮಾತೂ ಆಡ್ಲಿಲ್ಲ, ಎಡಗಡೆ ಮುಖಕ್ಕೆ ಮೆತ್ತಿರೋ ರವೆ ಒಣಗಿದೆ ಅಂದ್ರು. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಡ.

ಸೆನ್‌ಹೈಸರಿನದ್ದೇ ಎಚ್‌ಡಿ 800 ಎಸ್ ಸ್ನೇಹಿತರದ್ದು, ಒಂದು ತಿಂಗಳು ನನ್ನ ಹತ್ರ ಇತ್ತು. ತಂಬೂರಿ ಮಾತ್ರ ಹಾಕಿ ಕೇಳಿದ್ರೆ ಬಿಟ್ಟೇಳೋಕ್ಕಾಗಲ್ಲ, ಜೀವಾಳಿಯ (ತಂತಿ ಕೆಳಗಿನ ನೂಲು ಹುಟ್ಟಿಸೋ ಝೇಂಕಾರ) ಎಳೆ ಎಳೆ ಬಿಚ್ಚಿಡತ್ತೆ. ಪಿಟೀಲು ಬಂದಾಗ ಮಾತ್ರ ಹಳೇ ರೆಕಾರ್ಡಿಂಗುಗಳಲ್ಲಿ ಚುಚ್ಚತ್ತೆ, 6 ಕಿಲೋಹರ್ಟ್ಸ್ ಹತ್ರ ಈಕ್ವಲೈಸರಲ್ಲಿ ಎರಡು ಮೂರು ಡಿಬಿ ಇಳಿಸಿ, ಓಟಿಎಲ್‌ಗೆ ಹಾಕಿದ್ಮೇಲೆ ಸಮಾಧಾನ ಆಯ್ತು. ಇದರಲ್ಲೂ ನೂರು ಹರ್ಟ್ಸ್ ಹತ್ರ ಇಂಪೆಡೆನ್ಸ್ ಏರತ್ತೆ, 650ಗಿಂತ ಸ್ವಲ್ಪ ಜಾಸ್ತೀನೇ. ಹಾಗಂತ ಕೊಂಡ್ಕೊಳ್ತೀನಾ ಅಂದ್ರೆ ಇಲ್ಲ, ಆಗ ಸೆಕೆಂಡ್ ಹ್ಯಾಂಡೇ ಲಕ್ಷದ ಹತ್ರ ಇತ್ತು. "ಕಚೇರೀಲಿ ಕೂತ ಹಾಗೆ" ಅಂತ ಹೊಗಳ್ತಾರಲ್ಲ, ಬೆಂಗಳೂರು ಗಾಯನ ಸಮಾಜದ ಸಭಾಂಗಣದಲ್ಲಿ ನಾವು ಕೇಳೋದೂ ಮೈಕಿನ ಧ್ವನೀನೇ ಸ್ವಾಮಿ. ಹೋಲಿಸ್ಬೇಕು ಅಂದ್ರೆ ಯಾರದ್ದಾದ್ರೂ ಮನೆ ಕಚೇರಿಗೆ ಹೋಗಿ, ಮೈಕಿಲ್ಲದ ಕಡೆ, ಪಕ್ಕವಾದ್ಯದೋರ ಹತ್ರ ಕೂತ್ಕೊಳ್ಳಿ.

ಹಳೇ ಕನ್ನಡ ಚಿತ್ರಗೀತೆಗೆ 650, ಓಟಿಎಲ್, ಮುಗೀತು. ಅರವತ್ತು ಎಪ್ಪತ್ತರ ದಶಕದ ಮೋನೊ ಹಾಡುಗಳಿಗೆ ಒಂದು ಕೆಲಸ ಮಾತ್ರ ಮಾಡಿ, ಫೈಲ್ ಎರಡೂ ಚಾನೆಲ್ಲಲ್ಲಿ ನಿಜಕ್ಕೂ ಒಂದೇ ಇದೆಯಾ ನೋಡಿ. ಎಷ್ಟೋ ಫೈಲುಗಳಲ್ಲಿ ಒಂದು ಕಡೆ ಸರಸರ ಜಾಸ್ತಿ ಇರತ್ತೆ, ಚೆನ್ನಾಗಿರೋ ಚಾನೆಲ್ಲನ್ನೇ ಎರಡು ಕಡೆಗೂ ಕೊಟ್ರೆ ಯಾವ ಆಂಪೂ ಕೊಡದ ಸುಖ ಸಿಗತ್ತೆ, ಖರ್ಚು ಸೊನ್ನೆ. ಎಂಬತ್ತರ ದಶಕದ ಸ್ಟೀರಿಯೋಲಿ ತಬಲಾ ಪೂರ್ತಿ ಎಡಗಿವೀಲಿ, ಪಿಟೀಲು ಪೂರ್ತಿ ಬಲಗಿವೀಲಿ ಇದ್ರೆ ಕ್ರಾಸ್‌ಫೀಡ್ (ಎಡ ಬಲ ಸ್ವಲ್ಪ ಬೆರೆಸೋ ಸೆಟ್ಟಿಂಗ್) ಆನ್ ಮಾಡಿ.

ಮೆಟಲ್, ಹೊಸ ಸಿನಿಮಾ ಹಾಡು, ಡಿಜೆ ಐಟಂ ಇವಕ್ಕೆಲ್ಲ ಆಂಪ್ ಹುಡುಕ್ಬೇಡಿ. ಮಾಸ್ಟರಿಂಗಲ್ಲೇ ಎಲ್ಲಾ ಹಿಂಡಿ ಮೇಲಕ್ಕೆ ತಳ್ಳಿರ್ತಾರೆ, ಫೋನಿಗೆ ಸಿಗಿಸೋ, ಒಂದು ವೋಲ್ಟ್ ಕೊಡೋ ಡಾಂಗಲ್ಲಿಗೆ 650 ಚುಚ್ಚಿದ್ರೂ ಪಕ್ಕದ ಮನೆಯವರಿಗೆ ಕೇಳತ್ತೆ. ಅಡಾಪ್ಟರ್ ಬೇಕಾದೋರು ಜಾಕು, ರೆಸಿಸ್ಟರು ನೀವೇ ತಂದ್ಕೊಡಿ, ಬೆಸುಗೆಗೆ ನಾನು ದುಡ್ಡು ತಗೊಳಲ್ಲ, ಆದ್ರೆ ಪ್ಲೇನರ್ ಇಟ್ಕೊಂಡು ಅಡಾಪ್ಟರ್ ಕೇಳೋಕ್ಕೆ ಬರ್ಬೇಡಿ.